ಡೋಣ್ಯಾಗಿನ ಹುಳ, ನೆಗೆಣ್ಣಿ ಪೈಜ

ಮೊದಲ ಸುದ್ದಿ ಹೇಳಿಬಿಡ್ತೀನಿ, ಹಿಂದಿಂದು ಮುಂದಿಂದು ಆಮ್ಯಾಲ. ನನ್ನ ಎರೆಹುಳ ಹಡದಾವ್ರಿ! ಬರೇ ಬದುಕಿ ಉಳದಿಲ್ಲ, ಮರಿ ಮಾಡ್ಯಾವ. ಬಿಳಿ ದಾರದ ಎಳಿ ಹಂಗ ಮರಿ, ಎಣಸಾಕ ಹೋದ್ರ ಕಣ್ಣ ಸೋಲ್ತಾವ. ನಾ ನಾಲ್ಕ ಮೊಮ್ಮಕ್ಕಳ ಆಯಿ, ನಾಲ್ಕ ಸಲ ಊರಿಗಿ ಸಕ್ಕರಿ ಹಂಚೀನಿ. ಈಗ ಐದನೇ ಸಲ ಹಂಚಿದೆ. ಕುಣಿಕೋಣೂರ ಸ್ಟ್ಯಾಂಡಿನ್ಯಾಗ ಜತ್ತ ಬಸ್ಸಿನ ಕಂಡಕ್ಟರಗೂ ಒಂದ ಚಿಮಟಿ ಕೊಟ್ಟೆ. "ಏನಾತ ಆಯಿ, ಗಂಡೋ ಹೆಣ್ಣೋ?" ಅಂತ ಕೇಳಿದ. "ಎರಡೂ, ಒಂದ ಮೈಯಾಗ" ಅಂದೆ. ಅಂವ ಸಕ್ಕರಿ ಬಾಯಾಗ ಇಟಕೊಂಡು ನನ್ನ ಮಾರಿ ನೋಡಕೋತ ಸೀಟಿ ಊದೂದ ಮರತ.

ಸುಳ್ಳಲ್ಲರಿ ಅದು. ಎರೆಹುಳಕ್ಕ ಗಂಡು ಹೆಣ್ಣು ಬ್ಯಾರೆ ಇಲ್ಲ.

ಹುಳದ ಸಲುವಾಗಿ ಈ ಮುದುಕಿಗಿ ಇಷ್ಟ್ಯಾಕ ಹಿಗ್ಗು ಅಂತ ನೀವು ಕೇಳ್ತೀರಿ. ಈ ಹುಳದ ಹಿಂದ ಏಳ ವರ್ಷದ ಸಿಟ್ಟೈತಿ. ಅದನ್ನ ಹೇಳದ ಇದು ತಿಳಿಯೂದಿಲ್ಲ.

ನನ್ನ ನೆಗೆಣ್ಣಿ, ಅಂದ್ರ ನಮ್ಮ ಮನಿಯವರ ಅಣ್ಣನ ಹೆಂಡತಿ, ಗ್ವಾಡಿ ಆಚಿ ಮನ್ಯಾಗ ಇರ್ತಾಳ. ವಳಸಂಗದಾಗ ಹೊಲಮನಿ ಇದ್ದವರ ಮಗಳು. ನಾ ಕುರಿ ಬೆನ್ನ ಹತ್ತಿ ಊರೂರ ತಿರಗೋ ಹಟ್ಟ್ಯಾಗ ಹುಟ್ಟಿದಾಕಿ. ನಾ ಸೊಸಿ ಆಗಿ ಬಂದ ದಿನದಿಂದ ಆಕಿ ನನ್ನ ಸನೇಕ ಬಂದ್ರ ಸೆರಗ ಮೂಗಿಗಿ ಹಿಡೀತಿದ್ದಳು. "ಹಿಕ್ಕಿ ವಾಸನಿ ಬರ್ತೈತಿ" ಅಂತಿದ್ದಳು. ಕುರಿ ಹಾಕೋ ಗುಂಡನ್ನ ಲದ್ದಿಗಿ ನಾವು ಹಿಕ್ಕಿ ಅಂತೀವಿ. ಅದನ್ನೆಲ್ಲಾ ನುಂಗಿಕೊಂಡ ಇದ್ದೆ. ಆದ್ರ ಏಳ ವರ್ಷದ ಹಿಂದ ನನ್ನ ಹಿರೇ ಮೊಮ್ಮಗಳನ್ನ ತೊಟ್ಟಲದಾಗ ಹಾಕಿದ ದಿನ, ಕಂಚಿನ ಗಂಗಾಳದಾಗ ಹೋಳಿಗಿ, ಬದನಿಕಾಯಿ ಪಲ್ಯಾ ಇಟ್ಟು ಆಕಿ ಮನಿಗಿ ಕಳಿಸಿದೆ. ಆಕಿ ಅಂಗಳದಾಗ ನಾಲ್ಕ ಹೆಣ್ಣಮಕ್ಕಳ ಮುಂದ, "ಹಿಕ್ಕಿ ಬಳದ ಕೈಯಾಗಿನ ಅಡಗಿ ನಮಗ ನಡ್ಯಾಂಗಿಲ್ಲವಾ" ಅಂತ ಹೇಳಿ, ಗಂಗಾಳ ಒಯ್ದು ತನ್ನ ಎಮ್ಮಿ ಮುಂದ ಇಟ್ಟಳು. ಎಮ್ಮಿ ನೆಕ್ಕಿ ಬೆಳಗಿತು. ಜೊಲ್ಲು ಹತ್ತಿದ ಗಂಗಾಳ ಹಂಗ ತಿರಗಿ ಬಂತು. ಬೂದಿ ಹಚ್ಚಿ ತಿಕ್ಕಿ ಅಟ್ಟದ ಮ್ಯಾಲ ಇಟ್ಟೆ. ಇದ ಗಂಗಾಳದಾಗ, ಹಿಕ್ಕಿಲೆ ಬೆಳದದ್ದನ್ನ, ಇದ ಹೆಂಗಸು ಉಣ್ಣಬೇಕು ಅಂತ ಅವತ್ತ ಆಣಿ ಮಾಡಿದೆ. ಹೆಂಗ ಅಂತ ಗೊತ್ತಿರಲಿಲ್ಲ. ಅದಕ್ಕ ಏಳ ವರ್ಷ ಹಿಡೀತು.

ಈ ವರ್ಷ ಹೋಳಿ ಮುಂದ ಪಂಚಾಯತಿಗಿ ಕೃಷಿ ಸಹಾಯಕ ಬಂದು ಮರಾಠಿಯಾಗ ಗಾಂಡೂಳ ಖತ, ಅಂದ್ರ ಎರೆಹುಳದ ಗೊಬ್ಬರದ ಬಗ್ಗೆ ಹೇಳಿದ, ನಮ್ಮದು ಗಡಿ ಊರು. ಎರೆಹುಳ ಕಸಾ ತಿಂತಾವ, ಸಗಣಿ ತಿಂತಾವ, ಅವು ಹಾಕಿದ್ದು ಹಿತ್ತಲದ ಗಿಡಕ್ಕ ಅಮೃತ, ಮನಿ ಮಗ್ಗಲ ಒಂದ ಡೋಣಿ ಇದ್ರ ಸಾಕು ಅಂದ. ನಾ ಎದ್ದು ನಿಂತೆ. "ಸಾಹೇಬ್ರ, ಕುರಿ ಹಿಕ್ಕಿ ತಿಂತಾವೇನ?"

"ತಿಂತಾವ ಆಯಿ. ಆದ್ರ ಕಾವ ಆರಿರಬೇಕು."

ತಿಂತಾವ ಅನ್ನೂದಷ್ಟ ನನ್ನ ಕಿವಿಗಿ ಬಿತ್ತು.

ನೆಗೆಣ್ಣಿ ಸೊಕ್ಕೆಲ್ಲಾ ಆಕಿ ಹಿತ್ತಲದಾಗಿನ ಬದನಿ ಗಿಡದಾಗ ಐತಿ. ಚೀಲದ ಗೊಬ್ಬರ ಹಾಕಿ ನುಣ್ಣನ್ನ ಬದನಿ ಬೆಳಿತಾಳ. ಯಾರರೆ ಹೊಗಳಿದ್ರ ಗ್ವಾಡಿ ಈಚಿ ನನ್ನ ಆರು ಹಳದಿ ಗಿಡಾ ತೋರಿಸಿ, "ತಂಗೀದೂ ಬೆಳದಾವ ನೋಡ್ರಿ, ಅರಶಿಣ" ಅಂತಾಳ. ಆ ಆರೂ ಗಿಡದಾಗ ಆಕಿಗಿಂತ ಚಲೋ ಕಾಯಿ ತಗೀತೀನಿ ಅಂತ ನಾ ಮನಸ್ಸು ಮಾಡಿದೆ.

ಕುರಿ ನೀರ ಕುಡಿಯೋ ಹಳೇ ಸಿಮೆಂಟ್ ಡೋಣಿ ಒಂದು ಬೇವಿನ ಗಿಡದ ಬುಡಕ ಇತ್ತು. ಅದರ ಒಂದ ಮೂಲಿಗಿ ಮಗನ ಕಡಿಂದ ತೂತ ಹೊಡಿಸಿದೆ. ನೀರ ನಿಂತ್ರ ಹುಳ ಮುಳುಗಿ ಸಾಯ್ತಾವ. ತೂತಿನ ಕಡೆ ಬೆರಳಷ್ಟ ಇಳಕಲ ಮಾಡಿ ಕಲ್ಲಿನ ಮ್ಯಾಲ ಕುಂದರಿಸಿದೆ. ತಳಕ್ಕ ಒಡದ ಹಂಚಿನ ಚೂರು, ಅದರ ಮ್ಯಾಲ ಉಸುಕು, ಅದರ ಮ್ಯಾಲ ನೆನಸಿ ಕತ್ತರಿಸಿದ ಜ್ವಾಳದ ಕಣಿಕಿ, ಆಮ್ಯಾಲ ಕಾಯಿಪಲ್ಯಾದ ಸಿಪ್ಪಿ, ಮ್ಯಾಲ ಒಂದ ಗೇಣ ಹಿಕ್ಕಿ. ಉಪ್ಪು, ಖಾರ, ಎಣ್ಣಿ, ಲಿಂಬಿ ಸಿಪ್ಪಿ ಏನೂ ಹಾಕಲಿಲ್ಲ. ಇರಬಿ ಬರಬಾರದಂತ ಸುತ್ತಲೂ ಒಂದ ಕಾಲವಿ ತೋಡಿ ನೀರ ನಿಲ್ಲಿಸಿದೆ. ನೆರಳಿಗಿ ತಗಡ, ಮ್ಯಾಲ ಹಸಿ ತಟ್ಟಿನ ಚೀಲ.

ಹುಳ ಕೊಟ್ಟಂವ ಬಿಳೂರಾಗ ದಾಳಿಂಬ ತೋಟ ಮಾಡಿದಂವ. ಒಂದ ಬುಟ್ಟಿ ತುಂಬ ಹುಳ, ತನ್ನ ಗೊಬ್ಬರದ ಸುದ್ದಾ ಕೊಟ್ಟು, "ಕುದರಿ ಹಂಗ ಓಡಸಬ್ಯಾಡ ಆಯಿ, ನಿಧಾನ" ಅಂದ. ಮುಕ್ಕಾಲು ಪಾಲು ಡೋಣ್ಯಾಗ ಬಿಟ್ಟೆ. ಕಾಲು ಪಾಲು ಅವನ ಗೊಬ್ಬರದಾಗ ಗಡಗ್ಯಾಗ ಹಾಕಿ ನೀರಿನ ಹರವಿ ಬುಡಕ ಇಟ್ಟೆ. ಕುರಿ ಕಾಯೋರ ಚಟ ಅದು, ಇಡೀ ಹಿಂಡ ಒಂದ ದಿಕ್ಕಿಗಿ ಹೊಡಿಯೂದಿಲ್ಲ.

ಸುದ್ದಿ ಬಾಯಾಗ ಇಟಕೊಳ್ಳೂದು ನನಗ ಆಗಲಿಲ್ಲ. ನಳದ ಕಡೆ ಕೊಡಾ ಇಟ್ಟು ಎಲ್ಲಾರಿಗೂ ಹೇಳಿದೆ. ನೆಗೆಣ್ಣಿ ಸರದಿ ಬಿಟ್ಟು ಮುಂದ ಬಂದಳು.

"ಕುರಿ ಸಾಕಿದ್ದಾತು, ಈಗ ಹುಳಾ ಸಾಕ್ತಿಯೇನ ತಂಗಿ? ನಾಳೆ ತಗಣಿ ಸಾಕು, ಹಾಸಿಗ್ಯಾಗ ಮೇಯ್ತಾವ."

"ನಗು ಯಕ್ಕಾ. ನನ್ನ ಹುಳಾ ನಿನ್ನ ಬದನಿ ಸೊಕ್ಕ ಮುರೀತಾವ."

"ಹಂಗ? ಪೈಜ ಆಗಲಿ. ಪಂಚಮಿ ದಿನ ಮುಂಜಾನಿ ಅಗದು ತೋರಸು. ಹುಳಾ ಜೀವಂತ ಇದ್ರ ಅವತ್ತ ಸಂಜಿಗಿ ನಿನ್ನ ಮನ್ಯಾಗ ಕುಂತ ಉಣ್ತೀನಿ, ನೀ ನೀಡಿದ್ದ. ಸತ್ತಿದ್ರ ದೀಪಾವಳಿ ತನಕ ನನ್ನ ಎಮ್ಮಿ ಕೊಟಗಿ ಬಳೀಬೇಕು, ನಿನ್ನ ಕೈಲೆ."

"ಆಗಲಿ" ಅಂದೆ. ಅಗದು ತೋರಸು ಅಂದದ್ದನ್ನ ತಿರಗಿ ನೋಡಲಿಲ್ಲ. ಸಿಟ್ಟಿನ್ಯಾಗ ಒಪ್ಪಿದ ಮಾತು ಹಿಂದಿನಿಂದ ಹಾಯ್ತೈತಿ ಅನ್ನೂದು ನನಗ ಆಮ್ಯಾಲ ತಿಳೀತು.

ಮೂರನೇ ದಿನ ಚೀಲ ಎತ್ತಿ ನೋಡಿದೆ. ಹುಳ ಡೋಣಿ ಗ್ವಾಡಿ ಹತ್ತಿ, ಅಂಚಿನ್ಯಾಗ ಒಣಗಿ ಕರಿ ದಾರ ಆಗಿದ್ದವು. ಒಳಗಿನವು ಮೆತ್ತಗಾಗಿ ನಾರ್ತಿದ್ದವು. ಕೃಷಿ ಸಹಾಯಕಗ ಫೋನ್ ಹಚ್ಚಿದೆ. "ಕಾವ ಆಯಿ, ಕಾವ" ಅಂದ. ಹಿಕ್ಕಿ ಎಲ್ಲಾ ಹೊರಗ ತಗದು ನೆರಳಿನ್ಯಾಗ ಹರವಿ, ದಿನಾ ನೀರ ಹೊಡದು, ತಿರವಿ, ಎಂಟ ದಿನ ಬಿಟ್ಟು ಒಳಗ ಕೈ ಇಟ್ಟು ನೋಡಿದೆ. ಹರವಿ ನೀರಿನಷ್ಟ ತಂಪಿತ್ತು. ಅದನ್ನ ತಿರಗಿ ಡೋಣಿಗಿ ತುಂಬಿ, ಗಡಗ್ಯಾಗಿನ ಹುಳದಾಗ ಒಂದ ಹಿಡಿ ತಗದು ಬಿಟ್ಟೆ. ಎರಡ ದಿನಕ್ಕ ಅವೂ ಸತ್ತವು.

ಗ್ವಾಡಿ ಮ್ಯಾಲಿಂದ ನೆಗೆಣ್ಣಿ ಮಾರಿ ಹಾಕಿದಳು. "ತಂಗಿ, ಕೊಟಗಿ ಬಳ್ಯಾಕ ಬುಟ್ಟಿ ನನ್ನ ಕಡೆ ಐತಿ. ನಿಂದು ತರಬ್ಯಾಡ."

ನಾ ಸತ್ತ ಹುಳಾ ಆರಿಸಕೋತ ಕುಂತೆ. ಅವತ್ತ ರಾತ್ರಿ ಎಲ್ಲಾ ಅದ ವಿಚಾರ. ಕಾವ ಇಲ್ಲ, ನೀರ ನಿಂತಿಲ್ಲ, ಇರಬಿ ಬಂದಿಲ್ಲ. ಹಂಗಾರ ಯಾಕ ಸತ್ತವು?

ಮರದಿನ ಮುಂಜಾನಿ ನಮ್ಮ ಮನಿಯವರು ಅಂಗಳದಾಗ ಚಾ ಕುಡಕೋತ ಕುರಿ ಬೆನ್ನ ಸವರಿ, "ನೋಡು, ಔಷಧ ಹಾಕಿದ ಮ್ಯಾಲ ಮಾಲು ಹೆಂಗ ಮೈಗೂಡೇತಿ. ಹೊಟ್ಟ್ಯಾಗಿನ ಜಂತ ಎಲ್ಲಾ ಸತ್ತು ಬಿದ್ದಾವ" ಅಂದ್ರು.

ನಾ ಚಾ ಬಸಿ ಕೆಳಗ ಇಟ್ಟೆ.

ವರ್ಷಾ ಹೋಳಿ ಆದ ಮ್ಯಾಲ ನಮ್ಮ ಹನ್ನೆರಡೂ ಕುರಿಗಿ ಜಂತಿನ ಔಷಧ ಕುಡಸ್ತೀವಿ. ಅವರು ಬಾಟ್ಲಿ ಹಿಡೀತಾರ, ನಾ ಕುರಿ ದವಡಿ ಅಗಲಿಸಿ ಹಿಡೀತೀನಿ. ಈ ವರ್ಷಾನೂ ಹಿಡದಿದ್ದೆ. ಅದ ವಾರದಾಗ ಅವು ಹಾಕಿದ ಹಿಕ್ಕೀನ ಬುಟ್ಟಿ ತುಂಬಿ ಡೋಣಿಗಿ ಸುರುವಿದ್ದೆ. ಹೊಟ್ಟ್ಯಾಗಿನ ಹುಳಕ್ಕ ಹಾಕಿದ ಔಷಧ ಹಿಕ್ಕಿ ಜೋಡಿ ಹೊರಗ ಬೀಳ್ತೈತಿ. ಅದು ಬಿಳೂರಿಂದ ಬಂದ ಹುಳಕ್ಕೂ ಹತ್ತಿತ್ತು. ಒಂದ ಕೈಲೆ ಹುಳಾ ಕೊಂದು ಇನ್ನೊಂದ ಕೈಲೆ ಹುಳಕ್ಕ ಮನಿ ಕಟ್ಟಿದ್ದೆ. ಐವತ್ತ ವರ್ಷ ಕುರಿ ಜೋಡಿ ಬಾಳೇವ ಮಾಡಿದ ನನಗ ಅದು ಹೊಳೀಲಿಲ್ಲ. ನನ್ನ ಮ್ಯಾಲ ನನಗ ಬಂದ ಸಿಟ್ಟು ನೆಗೆಣ್ಣಿ ಮ್ಯಾಲಿಂದಕ್ಕಿಂತ ಹೆಚ್ಚಿತ್ತು. ಆದ್ರ ಅದು ಒಂದ ದಿನದ ಸಿಟ್ಟು.

ಬಿಳೂರಾಂವಗ ಕೇಳಿದೆ. "ಕುರೀದು ಬಿಡ್ರಿ ಆಯಿ, ಎಮ್ಮಿ ಸಗಣಿ ಹಾಕ್ರಿ. ಹುಳಾ ಬಂಗಾರದಂಗ ಬೆಳೀತಾವ."

ಎಮ್ಮಿ! ಗ್ವಾಡಿ ಆಚಿ ಐತಿ, ಅದ ಎಮ್ಮಿ, ನನ್ನ ಮೊಮ್ಮಗಳ ತೊಟ್ಟಲದ ಹೋಳಿಗಿ ತಿಂದದ್ದು. ಊರಾಗ ಬ್ಯಾರೆ ದನಾ ಇಲ್ಲಂತಲ್ಲ. ಒಂದ ಮಾತ ಅಂದ್ರ ಯಾರರೆ ಒಂದ ಬುಟ್ಟಿ ಸಗಣಿ ಕೊಡ್ತಿದ್ರು. ಸೊಸಿ ಸುದ್ದಾ "ಅತ್ತಿ, ಪೈಜ ಗೆದ್ರ ಸಾಕಲ್ಲ, ಯಾವ ಸಗಣಿ ಆದ್ರೇನು?" ಅಂದಳು. ಇಡೀ ಒಂದ ದಿನ ವಿಚಾರ ಮಾಡಿದೆ. ಬರೇ ಪೈಜ ಗೆಲ್ಲೂದು ಆಗಿದ್ರ ಸಗಣಿ ತರ್ತಿದ್ದೆ. ನನ್ನ ಆಣಿ ಹಿಕ್ಕೀದು. ಆಕಿ ಸೆರಗ ಹಿಡದದ್ದು ಹಿಕ್ಕಿಗಿ. ಹಿಕ್ಕೀಲೆ ಗೆಲ್ಲಬೇಕು, ಇಲ್ಲಾ ಕೊಟಗಿ ಬಳೀಬೇಕು ಅಂತ ನಿಕ್ಕಿ ಮಾಡಿದೆ.

ಹೊಲದಾಗ ಜಾಲಿ ಗಿಡದ ಬುಡಕ ಹೋದ ದೀಪಾವಳಿ ಮುಂದ ಕುರಿ ತರುಬಿದ ಜಾಗಾ ಇತ್ತು. ಅವತ್ತಿನ ಹಿಕ್ಕಿ ಗುಂಪಿ ಹಂಗ ಬಿದ್ದಿತ್ತು, ಔಷಧಕ್ಕಿಂತ ಎಷ್ಟೋ ತಿಂಗಳ ಮೊದಲಿಂದು. ಒಣಗಿ ಕಡ್ಲಿ ಹಂಗ ಕಟಮ್ ಕಟಮ್ ಅಂತಿತ್ತು. ಮೂರ ಚೀಲ ತಂದು ಮೂರ ದಿನ ನೀರಾಗ ನೆನಸಿದೆ. ಕರಿ ನೀರ ಬಸದು ಚೆಲ್ಲಿದೆ. ಕಾಲಿಲೆ ತುಳದು ಮೆತ್ತಗ ಮಾಡಿ, ನೆರಳಿನ್ಯಾಗ ಹರವಿ, ದಿನಾ ತಿರವಿ ಹತ್ತ ದಿನ ಬಿಟ್ಟೆ. ಮುಂಗೈ ತನಕ ಒಳಗ ಇಟ್ಟು ಕಾವ ನೋಡಿದೆ. ಹಿಡಿ ತುಂಬ ತಗೊಂಡು ಹಿಂಡಿದ್ರ ಬೆರಳ ಸಂದ್ಯಾಗ ಒಂದ ಹನಿ ಕಾಣಬೇಕು, ಎರಡನೇದು ಬೀಳಬಾರದು. ಆ ಹದಾ ಬರೂತನಕ ಬಿಡಲಿಲ್ಲ.

ಈ ಸಲ ಬುದ್ಧಿ ಬಂದಿತ್ತು. ಹಿಡಿಗಟ್ಟಲೆ ಬಿಡಲಿಲ್ಲ. ಸಣ್ಣ ಗಡಗ್ಯಾಗ ಆ ಹಿಕ್ಕಿ ತುಂಬಿ ಬರೇ ಹತ್ತ ಹುಳಾ ಮ್ಯಾಲ ಇಟ್ಟೆ. ಸೇರಲಿಲ್ಲಂದ್ರ ಅವು ಗ್ವಾಡಿ ಹತ್ತಿ ಓಡ್ತಾವ, ಸೇರಿದ್ರ ತಳಕ್ಕ ಇಳೀತಾವ. ಎರಡ ದಿನ ನಾ ಗಡಗಿ ಮುಂದಿಂದ ಏಳಲಿಲ್ಲ. "ಹುಳಾ ಹಡಿಯೂ ಮೊದಲ ನೀನ ಹಡಿಯಾಂಗ ಕಾಣ್ತಿ" ಅಂದ್ರು ನಮ್ಮ ಮನಿಯವರು. ಮೂರನೇ ದಿನ ಗಡಗಿ ಬಾಯಿಗಿ ಮುಚ್ಚಿದ ಅರಬಿ ತಗದೆ. ಮ್ಯಾಲ ಒಂದೂ ಇಲ್ಲ. ಕಡ್ಡೀಲೆ ಸರಿಸಿದೆ. ಹತ್ತೂ ತಳದಾಗ ಗಂಟ ಬಿದ್ದು ಮೇಯಾಕ ಹತ್ತಿದ್ದವು! ಹರವಿ ಬುಡಕಿನ ಗಡಗ್ಯಾಗ ಉಳದದ್ದು ಅಷ್ಟೂ ಎರಡ ಬೊಗಸಿ ಹುಳ. ಡೋಣ್ಯಾಗಿನ ಹಳೇದೆಲ್ಲಾ ಬಳದು ಚೆಲ್ಲಿ, ತೊಳದು, ಹೊಸದಾಗಿ ಈ ಹಿಕ್ಕಿ ತುಂಬಿ ಅಷ್ಟೂ ಬಿಟ್ಟೆ.

ಎಂಟ ದಿನಕ್ಕ ನೆಗೆಣ್ಣಿ ಕೋಳಿ ಗ್ವಾಡಿ ಹಾರಿ ಬಂದು ಡೋಣಿ ಕೆದರಿದವು. ಕೂಗಿ ಕೇಳಿದ್ರ, "ಕೋಳಿಗಿ ಗ್ವಾಡಿ ಅಂದ್ರೇನ ಗೊತ್ತೈತಿ ತಂಗಿ?" ಅಂದಳು. ಆಕಿ ಮಾತ ಖರೆ ಇರಬಹುದು. ನಾ ನಂಬಲಿಲ್ಲ. ಕುರಿ ಹಟ್ಟಿ ಸುತ್ತ ಕಟ್ಟೋ ಬಲಿ ತಂದು ಡೋಣಿಗಿ ಕಟ್ಟಿದೆ. ಒಂದ ಕೋಳಿ ಅದರಾಗ ಸಿಕ್ಕ ಬಿದ್ದು ಅಲ್ಲೇ ತತ್ತಿ ಇಟ್ಟಿತು. ಕೋಳಿ ತಿರಗಿ ಕೊಟ್ಟೆ. ತತ್ತಿ ಕೊಡಲಿಲ್ಲ. ಒಳಗಿಂದು ಮೊಮ್ಮಗಳು ತಿಂದಳು, ಸಿಪ್ಪಿ ಕುಟ್ಟಿ ಹುಳಕ್ಕ ಹಾಕಿದೆ.

ಕಾರಹುಣ್ಣಿವಿ ಹೊತ್ತಿಗಿ ಹಿಕ್ಕಿ ಗುಂಡ ಎಲ್ಲಾ ಕರಗಿ ಚಾ ಪುಡಿ ಹಂಗ ಆಗಿತ್ತು. ಮೂಸಿದ್ರ ಮೊದಲ ಮಳಿ ವಾಸನಿ. ನೀರ ಹಾಕೂದು ನಿಲ್ಲಿಸಿದೆ. ಮ್ಯಾಲ ಒಣಗಿದಂಗ ಹುಳ ಕೆಳಗ ಇಳದವು. ಮ್ಯಾಲಿಂದಷ್ಟ ಕೈಲೆ ಸವರಿ ಒಂದ ಬುಟ್ಟಿ ತಗದೆ. ಆರೂ ಬದನಿ ಗಿಡದ ಬುಡಕ ಎರಡೆರಡ ಹಿಡಿ ಹಾಕಿ ಮಣ್ಣ ಮುಚ್ಚಿದೆ. ಹದಿನೈದ ದಿನದಾಗ ಹಳದಿ ಎಲಿ ಉದರಿ, ಆನಿ ಕಿವಿ ಹಂಗ ಹಸರ ಎಲಿ ಬಂದವು. ಆಮ್ಯಾಲ ಹೂವು. ಆಮ್ಯಾಲ ಹೂವಿನ ಬುಡಕ ಹೊಳಪಿನ ಕಾಯಿ. ಗ್ವಾಡಿ ಆಚಿ ಅರಶಿಣದ ಮಾತು ನಿಂತ ಹೋತು.

ಪಂಚಮಿ ಎಂಟ ದಿನ ಇತ್ತು. ಸೊಸಿ ಉಂಡಿ ಕಟ್ಟಕೋತ ತಟ್ಟನ ಕೈ ನಿಲ್ಲಿಸಿ ಅಂದಳು, "ಅತ್ತಿ, ಪಂಚಮಿ ದಿನ ಅಗಿಯೂದ ಹೆಂಗರಿ?"

ಅವತ್ತ ನಮ್ಮ ಕಡೆ ಯಾರೂ ನೆಲಾ ಅಗಿಯೂದಿಲ್ಲ, ನೇಗಿಲ ಹೂಡೂದಿಲ್ಲ. ಮಣ್ಣಾಗಿನ ನಾಗಪ್ಪಗ ಪೆಟ್ಟ ಹತ್ತಬಾರದಂತ. ಇಳಗಿ ಮುಟ್ಟೂದಿಲ್ಲ, ಹಂಚ ಇಡೂದಿಲ್ಲ. ಅಗದು ತೋರಿಸಿದ್ರ ಊರೆಲ್ಲಾ ನನಗ ಉಗುಳ್ತದ. ತೋರಸಲಿಲ್ಲಂದ್ರ ಪೈಜ ಹೋತು. ಅದಕ್ಕ ಆಕಿ ನಳದ ಕಡೆ ಪಂಚಮಿ ಅಂದಿದ್ದಳು! ಮಗ "ಡೋಣಿ ನೆಲಾ ಅಲ್ಲ ಬಿಡವ್ವಾ" ಅಂದ. ಆದ್ರ ಆಕಿ ಬಾಯಿ ನನಗ ಗೊತ್ತಿತ್ತು.

ನಾ ಕುರಿ ಕಾಯೋರಾಕಿ. ಕುರಿ ಗುಡ್ಡದಾಗ ಚದರಿದ್ರ ಬೆನ್ನ ಹತ್ತಿ ಓಡೂದಿಲ್ಲ. ಒಂದ ಕಡೆ ಹಸರ ತೊಪ್ಪಲ ತೋರಿಸಿದ್ರ ತಾವ ಬರ್ತಾವ. ಹುಳಕ್ಕೂ ಹೊಟ್ಟಿ ಐತಿ. ಅವತ್ತಿಂದ ಡೋಣಿಗಿ ಹೊಸಾದು ತಿನ್ನಾಕ ಹಾಕಲಿಲ್ಲ. ಪಂಚಮಿಗಿ ಮೂರ ದಿನ ಇದ್ದಾಗ ಮಾಗಿ ಕೊಳತ ಪಪ್ಪಾಯಿ ಹೋಳ ಮ್ಯಾಲ ಬೋರಲ ಇಟ್ಟು, ಚೀಲ ಒದ್ದಿ ಮಾಡಿ ಒತ್ತಿ ಮುಚ್ಚಿದೆ. ಆಮ್ಯಾಲ ಮುಟ್ಟಲಿಲ್ಲ. ತಗದು ನೋಡಬೇಕಂತ ಕೈ ಕಡೀತಿದ್ದವು, ಆದ್ರೂ ಮುಟ್ಟಲಿಲ್ಲ.

ಪಂಚಮಿ ಮುಂಜಾನಿ ಹೆಣ್ಣಮಕ್ಕಳು ನಾಗಪ್ಪಗ ಹಾಲ ಎರದು ಸೀದಾ ನಮ್ಮ ಅಂಗಳಕ್ಕ ಬಂದ್ರು. ನೆಗೆಣ್ಣಿ ಮುಂದ. ಜರದ ಸೀರಿ ಉಟ್ಟಿದ್ದಳು.

"ಅಗಿ ತಂಗಿ, ತೋರಸು. ಓ, ಇವತ್ತ ಪಂಚಮಿ ಅಲ್ಲೇನ! ಅಗದ್ರ ಪಾಪ. ಹಂಗಾರ ಕೊಟಗಿ ನಾಡದು ಬಳದ್ರೂ ನಡೀತದ."

"ಯಕ್ಕಾ, ನೀ ದೊಡ್ಡಾಕಿ. ನಿನ್ನ ಕೈಲೆ ಆ ಚೀಲ ಎತ್ತು. ಚೀಲ ಎತ್ತಿದ್ರ ನಾಗಪ್ಪ ಏನೂ ಅನ್ನೂದಿಲ್ಲ."

ಎರಡ ಬೆರಳಿಲೆ ಚೀಲದ ಮೂಲಿ ಹಿಡದು ಎತ್ತಿದಳು. ಪಪ್ಪಾಯಿ ಕಾಣಲಿಲ್ಲ, ಬರೇ ಹುಳ. ಬಸದ ಶಾವಗಿ ಹಂಗ ಒಂದರ ಮ್ಯಾಲ ಒಂದು, ಕೆಂಪಗ, ಮಿಣಮಿಣ. ಬೆಳಕ ಬಿದ್ದದ್ದ ಕೆಳಗ ನುಗ್ಗಾಕ ಹತ್ತಿದವು. ಆಕಿ ಚೀಲ ಕೈಬಿಟ್ಟು ಹಿಂದ ಸರದಳು.

"ನಿನ್ನೆ ಬಿಳೂರಿಂದ ತಂದು ಸುರುವ್ಯಾಳ!" ಅಂದಳು.

ನಾ ಚೀಲ ಮಗಚಿ ಹಿಡದೆ. ಎಳ್ಳಿಗಿಂತ ಜರ ದೊಡ್ಡವು, ಹಳದಿ ತತ್ತಿ, ಚೀಲದ ಎಳಿಗಿ ಅಂಟಿದ್ದವು. ಅವುಗಳ ನಡಬರಕ ಬಿಳಿ ದಾರದಂಥ ಮರಿ ಹೊಳ್ಳಾಡತಿದ್ದವು. "ತತ್ತಿ ಅಂಟಿಸಿದ ಚೀಲ ಎಲ್ಲಿ ಸಿಗ್ತೈತಿ ಹೇಳು ಯಕ್ಕಾ, ಇನ್ನೊಂದ ತರೂಣು. ಇವು ಇಲ್ಲೇ ಹುಟ್ಯಾವ. ನನ್ನ ಹಿಕ್ಕ್ಯಾಗ."

ಹೆಣ್ಣಮಕ್ಕಳು ಗೊಳ್ಳಂತ ನಕ್ಕರು. ಒಬ್ಬಾಕಿ "ದೊಡ್ಡಕ್ಕಾ, ಸಂಜಿಗಿ ಹೊಟ್ಟಿ ಖಾಲಿ ಇಟಕೊಂಡ ಬಾ" ಅಂದಳು. ಆ ನಗಿ ಕೇಳಿ ನನ್ನ ಎದಿ ತಂಪಾತು. ತಂಪಾತು ಅಂತ ಹೇಳಾಕ ನನಗೇನೂ ನಾಚಿಕಿ ಇಲ್ಲ. ಒಳಗ ಹೋಗಿ ಸಕ್ಕರಿ ಡಬ್ಬಿ ತಂದೆ.

ಸಂಜಿಮುಂದ ಎಲ್ಲಾರೂ ಪಡಸಾಲ್ಯಾಗ ಸಾಲಾಗಿ ಕುಂತ್ರು. ನಮ್ಮ ಮನಿಯವರು, ಮಗ, ಸೊಸಿ, ನಾಲ್ಕೂ ಮೊಮ್ಮಕ್ಕಳು. ನೆಗೆಣ್ಣಿ ಬರ್ತಾಳೋ ಇಲ್ಲೋ ಅಂತ ನನಗ ಸಂಶೆ ಇತ್ತು. ಬಂದಳು. ಮಾತ ಕೊಟ್ರ ತಪ್ಪೂ ಹೆಂಗಸಲ್ಲ ಆಕಿ, ಅಷ್ಟ ನಾನೂ ಒಪ್ಪತೀನಿ. ಹಿರೇ ಮೊಮ್ಮಗಳು, ಆ ತೊಟ್ಟಲದಾಕಿ, ಏನೂ ಗೊತ್ತಿಲ್ಲದ "ದೊಡ್ಡಾಯಿ, ಇಲ್ಲಿ ಕುಂದರು" ಅಂತ ತನ್ನ ಮಗ್ಗಲ ಜಾಗಾ ಮಾಡಿದಳು.

ಅಟ್ಟದ ಮ್ಯಾಲಿನ ಕಂಚಿನ ಗಂಗಾಳ ಇಳಿಸಿ, ಹುಣಸಿಹಣ್ಣಿಲೆ ತಿಕ್ಕಿ ಬೆಳಗಿ, ಆಕಿ ಮುಂದ ಇಟ್ಟೆ. ಆಕಿ ನೋಡಿದಳು. ಗುರ್ತ ಹಿಡದಳು. ಹೂರಣದ ಕಡಬ ನೀಡಿದೆ, ತುಪ್ಪಾ ಹಾಕಿದೆ. ಇಳಗಿ ಮುಟ್ಟೂ ಹಂಗಿಲ್ಲಲ್ಲ, ಎಳೇ ಬದನಿಕಾಯಿ ಇಡೀದಾಗಿ ತೊಗರಿ ಬ್ಯಾಳಿ ಜೋಡಿ ಕುದಿಸಿದ್ದೆ. ಎರಡ ಕಾಯಿ ಗಂಗಾಳಕ್ಕ ಹಾಕಿದೆ.

ಒಂದ ತುತ್ತ ತಿಂದಳು. ಇನ್ನೊಂದ ತಿಂದಳು. ಬಾಯಿ ತಡೀಲಿಲ್ಲ ಆಕಿಗಿ. "ಏನ ಹಾಕಿ ಬೆಳಸೀದಿ?" ಅಂದಳು.

ಏಳ ವರ್ಷ ಕಾದ ಮಾತು. "ಹಿಕ್ಕಿ" ಅಂದೆ.

ಎಲ್ಲಾರ ಕೈ ನಿಂತವು. ನೆಗೆಣ್ಣಿ ಕೈಯಾಗಿನ ಬದನಿಕಾಯಿ ನೋಡಿದಳು, ನನ್ನ ಮಾರಿ ನೋಡಿದಳು. ಆಮ್ಯಾಲ ಅದನ್ನ ಬಾಯಾಗ ಇಟಕೊಂಡು, ನಿಧಾನಕ ಅಗದು ನುಂಗಿ, "ಉಪ್ಪ ಕಡಿಮಿ ಆಗೇತಿ" ಅಂದಳು. ಹಂಗಂದು ಗಂಗಾಳ ಮುಂದ ಸರಿಸಿದಳು.

ಉಪ್ಪ ಹಾಕಿದೆ. ಇನ್ನ ಎರಡ ಕಾಯೂ ಹಾಕಿದೆ. ಗ್ವಾಡಿ ಆಚಿ ಎಮ್ಮಿ ಒದರಾಕ ಹತ್ತಿತು.

"ಒದರಲಿ ಬಿಡು" ಅಂದೆ. "ಈ ಗಂಗಾಳದಾಗ ಇವತ್ತ ಅದಕ್ಕ ಪಾಲಿಲ್ಲ."